ಯಾರ ಮನೆಯ ಉಪ್ಪು

ಫೆಬ್ರವರಿ ೫, ಬುಧವಾರ

ಪುಟ್ಟಿಯ ಉಸಿರು ಎಣಿಸಿ ಬರೆದಿಡಿ ಅಂತ ಡಾಕ್ಟರಮ್ಮ ಹೇಳಿದ್ದಕ್ಕೆ ತಂದ ನೋಟುಪುಸ್ತಕ ಇದು. ಮುಂದಿನಿಂದ ಅವಳ ಉಸಿರು, ಹಿಂದಿನಿಂದ ನನ್ನದು. ಏಳು ತಿಂಗಳಿಗೇ ಹುಟ್ಟಿದವಳು, ಈಗ ಐದು ತಿಂಗಳು. ನಿಮಿಷಕ್ಕೆ ಐವತ್ತು ದಾಟಿದರೆ ಕರೆದುಕೊಂಡು ಬನ್ನಿ ಎಂದಿದ್ದಾರೆ. ಇವತ್ತು ನಲವತ್ತು. ಮತ್ತೆ ಎಣಿಸಿದೆ, ನಲವತ್ತೊಂದು. ಆ ಒಂದು ಎಲ್ಲಿಂದ ಬಂತು ಎಂದು ಅರ್ಧ ಗಂಟೆ ಕೂತೆ.

ಮಹಡಿಯ ಆಂಟಿಗೆ, ಅಂದರೆ ನಮ್ಮ ಮನೆಯ ಯಜಮಾನಿಗೆ, ಇವತ್ತು ಸರಿಯಾಗಿ ಕೊಟ್ಟೆ. ಪುಟ್ಟಿ ಕಣ್ಣು ಮುಚ್ಚುವುದೂ ಅವರು ತಲೆಯ ಮೇಲೆ ಕುರ್ಚಿ ಎಳೆಯುವುದೂ ಒಂದೇ ಗಳಿಗೆ. ಮೆಟ್ಟಿಲ ಮೇಲೆ ನಿಂತು, "ಆಂಟಿ, ನಾಲ್ಕು ಕಾಲಿದೆ ಅಂತ ಆ ಕುರ್ಚೀನ ದಿನಾ ವಾಕಿಂಗ್ ಕರ್ಕೊಂಡು ಹೋಗ್ಲೇಬೇಕಾ?" ಅಂದೆ. ಬೀದಿಯಲ್ಲಿ ಇಬ್ಬರು ನಕ್ಕರು. ಒಳಗೆ ಇವರೂ ನಕ್ಕರು. ಗಾಜಿನ ಕಾರ್ಖಾನೆ ಬಾಗಿಲು ಹಾಕಿ ಇವರು ಮನೆಯಲ್ಲಿ ಕೂತ ಮೇಲೆ ನಾನು ಕೇಳಿದ ಮೊದಲ ನಗು.

"ನಿನ್ನ ನಾಲಿಗೆಗೆ ಲೈಸೆನ್ಸ್ ಮಾಡಿಸ್ಬೇಕು ಕಣೇ," ಅಂದರು.

ಫೆಬ್ರವರಿ ೧೨, ಬುಧವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಚಿಲಕಕ್ಕೆ ಒಂದು ಬಟ್ಟೆಯ ಚೀಲ ನೇತುಹಾಕಿತ್ತು. ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಸಾಬೂನು. ತಳದಲ್ಲಿ ಪುಟ್ಟಿಗೆ ಹಬೆ ಕೊಡುವ ಯಂತ್ರಕ್ಕೆ ಹಾಕುವ ಔಷಧದ ಪೆಟ್ಟಿಗೆ. ಕಂಪನಿ, ಹೆಸರು, ಅಳತೆ, ಒಂದೂ ತಪ್ಪಿಲ್ಲ. ನಮ್ಮಲ್ಲಿ ಉಳಿದಿದ್ದು ಎರಡೇ ಸೀಸೆ. ಮುಗಿದ ಮೇಲೆ ಏನು ಎಂದು ಇವರೂ ನಾನೂ ನಾಲ್ಕು ದಿನದಿಂದ ಒಬ್ಬರನ್ನೊಬ್ಬರು ಕೇಳಿರಲಿಲ್ಲ. ಅಲ್ಲೇ ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟೆ.

"ಯಾರತ್ತೆ ಇದು?" ಎಂದು ಕೇಳಿದೆ.

ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಆ ಮಾತು ಕೇಳ್ಬಾರದಮ್ಮ. ನಮ್ಮ ಪ್ರಾರ್ಥನೆ ಮನೆಯ ಕಟ್ಟಳೆ ಅದು. ಕೊಟ್ಟಿದ್ದು ದೇವರಿಗೊಬ್ಬನಿಗೇ ಗೊತ್ತಿರ್ಬೇಕು. ತಗೊಂಡವರಿಗೆ ಗೊತ್ತಾಯ್ತು ಅಂದ್ರೆ ಕೊಟ್ಟವರ ಪುಣ್ಯ ಅಲ್ಲಿಗೆ ಮುಗೀತು. ಹುಡುಕಬಾರದು, ಥ್ಯಾಂಕ್ಸ್ ಅನ್ಬಾರದು. ನಾವು ಕೇಳಿದ್ರೂ ಅವರು ನಾನಲ್ಲ ಅಂತಲೇ ಅನ್ಬೇಕು."

ಮದುವೆಯಾಗಿ ಮೂರು ವರ್ಷ ಈ ಪ್ರಾರ್ಥನೆ ಮನೆಗೆ ಹೋಗುತ್ತಿದ್ದೇನೆ. ಈ ಕಟ್ಟಳೆಯನ್ನು ಕೇಳಿದ್ದೆ, ಚೆಂದ ಎಂದೂ ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದವಳಲ್ಲವೇ, ಎರಡು ಪುಟ ಬರೆಯುತ್ತಿದ್ದೆನೋ ಏನೋ. ಚೀಲ ನಮ್ಮ ಬಾಗಿಲಿಗೆ ಬರುತ್ತದೆ ಎಂದು ಎಣಿಸಿರಲಿಲ್ಲ.

ಅಕ್ಕಿಯನ್ನು ಡಬ್ಬಕ್ಕೆ ಸುರಿಯುವಾಗ ಮೇಲೆ ಕುರ್ಚಿ ಎಳೆದ ಸದ್ದಾಯಿತು. ಒಂದು ವೇಳೆ ಆಂಟಿಯೇ ಆಗಿದ್ದರೆ? ಅವರೂ ನಮ್ಮ ಪ್ರಾರ್ಥನೆ ಮನೆಗೆ ಬರುವವರೇ.

ಫೆಬ್ರವರಿ ೧೬, ಭಾನುವಾರ

ಪ್ರಾರ್ಥನೆ ಮನೆಯಲ್ಲಿ ಅರವತ್ತು ಮುಖ. ಅರವತ್ತಕ್ಕೂ ನಕ್ಕೆ. ಕೆನ್ನೆ ನೋಯುತ್ತಿದೆ.

ಹಿಂದೆ ಪುಟ್ಟಿಯನ್ನು ನೋಡಿ "ಇನ್ನೂ ಇಷ್ಟೇನಾ?" ಎಂದು ಕೇಳಿದ್ದ ಹೆಂಗಸು ಇವತ್ತು ಮತ್ತೆ ಅದನ್ನೇ ಕೇಳಿದರು. ಹೋದ ತಿಂಗಳಾಗಿದ್ದರೆ, ನಿಮ್ಮ ಹಾಗೆ ಆಗೋಕೆ ಇನ್ನೂ ಐವತ್ತು ವರ್ಷ ಬೇಕು ಆಂಟಿ ಎನ್ನುತ್ತಿದ್ದೆ. ಇವತ್ತು, "ಹೌದು ಆಂಟಿ, ನಿಮ್ಮ ಆಶೀರ್ವಾದ," ಅಂದೆ. ಇವರು ತಿರುಗಿ ನನ್ನನ್ನೇ ನೋಡಿದರು.

ಹಿರಿಯರು ಮಾತಿನ ನಡುವೆ ಹೇಳಿದರು: ಹೆಸರು ತಿಳಿದರೆ ಪಡೆದವನು ಒಬ್ಬನ ಮುಂದೆ ತಲೆ ತಗ್ಗಿಸಬೇಕಾಗುತ್ತದೆ, ಹಾಗಾಗಬಾರದೆಂದೇ ನಮ್ಮ ಹಿಂದಿನವರು ಹೆಸರನ್ನು ತೆಗೆದುಹಾಕಿದರು. ಎಷ್ಟು ಒಳ್ಳೆಯ ಮನಸ್ಸಿನ ಮಾತು. ಆದರೆ ನನಗೆ ಆದದ್ದು ಅದರ ತಿರುಗಾಮುರುಗಾ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಯಾವ ಮನೆಯ ಉಪ್ಪು ಎಂದು ತಿಳಿಯದವಳು ಯಾವ ಮನೆಗೂ ಎರಡು ಬಗೆಯುವ ಹಾಗಿಲ್ಲ.

ಫೆಬ್ರವರಿ ೨೬, ಬುಧವಾರ

ಚೀಲ ಬಂತು. ಮೂರನೆಯದು. ಔಷಧವೂ ಇತ್ತು.

ಆಂಟಿ ತಮ್ಮ ಮುರಿದ ಕಪಾಟು, ಎರಡು ತಗಡಿನ ಪೆಟ್ಟಿಗೆ ತಂದು ನಮ್ಮ ಬಾಗಿಲ ಪಕ್ಕ ಇಟ್ಟರು. "ಇಲ್ಲಿಟ್ಟಿರ್ತೀನಮ್ಮ, ಮೇಲೆ ಜಾಗ ಇಲ್ಲ." "ಇಡಿ ಆಂಟಿ, ಅದಕ್ಕೇನಂತೆ," ಅಂದೆ. ಈಗ ಬಾಗಿಲು ಮುಕ್ಕಾಲು ಮಾತ್ರ ತೆರೆಯುತ್ತದೆ. ಅಡ್ಡವಾಗಿ ಹೊರಗೆ ಬರಬೇಕು.

ಒಂದು ವಿಷಯ. ಅವರ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಕುರ್ಚಿಯನ್ನು ಎತ್ತಿಡಲು ಆಗದೆಯೇ ಎಳೆಯುವುದು. ಮೂರು ವರ್ಷದಿಂದ ಅವರ ಕೈಯನ್ನೇ ನಾನು ನೋಡಿರಲಿಲ್ಲ. ಈಗ ಎಲ್ಲರ ಕೈಯನ್ನೂ ನೋಡುತ್ತೇನೆ. ಈ ಕೈಯಾ, ಈ ಕೈಯಾ ಎಂದು.

ಕೆಳಗಿನ ಪಾಲಿಶಣ್ಣನಿಗೆ ದೊಡ್ಡ ಕೆಲಸ ಸಿಕ್ಕಿದೆ. ಯಾವುದೋ ಶಾಲೆಯ ನೂರೈವತ್ತು ಮೇಜು. ನಮ್ಮ ಕಿಟಕಿಯ ನೇರ ಕೆಳಗೇ ಅವರ ಶೆಡ್ಡು. ದಿನವಿಡೀ ಸ್ಪಿರಿಟ್ ವಾಸನೆ. ಪುಟ್ಟಿಗೆ ಸ್ವಲ್ಪ ಕೆಮ್ಮು. ಹವೆ ಬದಲಾಗಿದೆ, ಅದಕ್ಕೆ.

ಮಾರ್ಚ್ ೩, ಸೋಮವಾರ

ನಲವತ್ತಾರು.

ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದ್ದೇನೆ. ಕೋಣೆಯಲ್ಲಿ ಗಾಳಿ ಆಡುವುದಿಲ್ಲ. ಪುಟ್ಟಿ, ನಾನು, ಒಣಗದ ಲಂಗೋಟಿಗಳು. ನಿದ್ದೆ ಎನ್ನುವುದು ಯಾರದೋ ಮನೆಯ ಸಾಮಾನಾಗಿದೆ. ಕೆಮ್ಮಿಗೆ ಕಾರಣಗಳನ್ನು ಮನಸ್ಸಿನಲ್ಲೇ ಪಟ್ಟಿ ಮಾಡಿದೆ: ನನಗೆ ನೆಗಡಿಯಾಗಿತ್ತು, ಹಾಸಿಗೆಯ ಹತ್ತಿ ಹಳೆಯದು, ನಾನು ತಣ್ಣೀರು ಕುಡಿದೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಅದಕ್ಕೂ ವಾಸನೆ ಹತ್ತಿ ಬಂತು.

ಅಮ್ಮ ಫೋನಿನಲ್ಲಿ, "ಯಾರು ಕೊಟ್ರು ಅಂತ ಗೊತ್ತಿಲ್ದೆ ಅನ್ನ ಹೇಗಮ್ಮ ಗಂಟಲಲ್ಲಿ ಇಳಿಯುತ್ತೆ?" ಎಂದಳು. ಇಳಿಯುತ್ತದೆ. ಮೇಲಕ್ಕೆ ಮಾತು ಬರುವುದು ನಿಂತಿದೆ, ಅಷ್ಟೇ.

ಮೆಟ್ಟಿಲ ಹತ್ತಿರ ಪಾಲಿಶಣ್ಣ ಸಿಕ್ಕರು. ನಮ್ಮ ಪ್ರಾರ್ಥನೆ ಮನೆಯವರೇ, ಐವತ್ತರ ಆಸುಪಾಸಿನ ಒಂಟಿ ಮನುಷ್ಯ, ಉಗುರೆಲ್ಲ ಕಂದು. ಪುಟ್ಟಿಗೆ ಮೊದಲ ಸಲ ಉಸಿರು ಕಟ್ಟಿದಾಗ ನಮ್ಮನ್ನು ತಮ್ಮ ಲಗೇಜ್ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದವರು ಇವರೇ. ಔಷಧದ ಚೀಟಿ ಹಿಡಿದುಕೊಂಡು ಅಂಗಡಿಗೆ ಓಡಿದವರೂ ಇವರೇ. ಆ ಚೀಟಿ ಒಂದು ದಿನ ಅವರ ಜೇಬಿನಲ್ಲೇ ಉಳಿದಿತ್ತು.

"ಮಗು ಹೇಗಿದೆಯಮ್ಮ?"

"ಚೆನ್ನಾಗಿದಾಳೆ ಅಣ್ಣ."

ಮಾರ್ಚ್ ೮, ಶನಿವಾರ

ಡಾಕ್ಟರಮ್ಮ ಪುಟ್ಟಿಯ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ನೋಟುಪುಸ್ತಕದ ಮುಂದಿನ ಪುಟಗಳನ್ನು ತಿರುವಿದರು. (ಹಿಂದಿನದನ್ನು ತೆರೆದಾರೆಂದು ನನಗೆ ಜೀವವೇ ಹೋಯಿತು.)

"ಏರ್ತಾ ಇದೆಯಲ್ಲ. ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರಾ?"

"ಇಲ್ಲ."

"ಹೊಗೆ, ಪೇಂಟು, ಪಾಲಿಶು, ಆ ಥರದ್ದು ಹತ್ತಿರದಲ್ಲಿ ಏನಾದ್ರೂ?"

ಮೂಲೆಯ ಮೇಜಿನಲ್ಲಿ ಬರೆದುಕೊಳ್ಳುತ್ತಿದ್ದ ಸಹಾಯಕಿ ನಮ್ಮ ಪ್ರಾರ್ಥನೆ ಮನೆಯವಳು. ಮೂರನೆಯ ಸಾಲಿನಲ್ಲಿ ಕೂರುತ್ತಾಳೆ. ಪೆನ್ನು ಎತ್ತಿ ನನ್ನ ಕಡೆ ನೋಡಿದಳು. ಭಾನುವಾರದ ಹೊತ್ತಿಗೆ ಈ ಮಾತು ಅರವತ್ತು ಕಿವಿ ಮುಟ್ಟುತ್ತದೆ. ಉಣ್ಣಿಸಿದವರ ಮೇಲೇ ದೂರು ಹೇಳಿದಳು ಎಂದಾಗುತ್ತದೆ.

"ಇಲ್ಲ," ಅಂದೆ.

ಸುಳ್ಳು ಎಂದೇನೂ ಅಲ್ಲ. ಅವರು ಕೇಳಿದ್ದು ಹತ್ತಿರದಲ್ಲಿ ಎಂದು. ಪಾಲಿಶ್ ಇರುವುದು ಕೆಳಗೆ.

ಔಷಧವನ್ನು ದಿನಕ್ಕೆ ಎರಡರಿಂದ ನಾಲ್ಕು ಸಲಕ್ಕೆ ಏರಿಸಿದರು.

ಮಾರ್ಚ್ ೧೩, ಗುರುವಾರ

ನಲವತ್ತೆಂಟು. ಪಾಲಿಶಣ್ಣ ನಕ್ಕರು. ನಾನೂ ನಕ್ಕೆ.

ಹೇಳಿದರೆ ವಾಸನೆ ನಿಲ್ಲಬಹುದು, ಆಗ ಔಷಧವೂ ನಿಲ್ಲಬಹುದು. ಹೇಳದಿದ್ದರೆ ಎರಡೂ ಬರುತ್ತಿರುತ್ತವೆ. ಬಿಸಿ ತುಪ್ಪ ಬಾಯಲ್ಲಿದೆ. ನುಂಗಲೂ ಆಗದು, ಉಗುಳಲೂ ಆಗದು.

ಮಾರ್ಚ್ ೧೯, ಬುಧವಾರ

ಚೀಲದಲ್ಲಿ ಇವತ್ತು ಔಷಧದ ಪೆಟ್ಟಿಗೆ ಎರಡು.

ನಾಲ್ಕು ಸಲಕ್ಕೆ ಏರಿಸಿದ್ದು ಯಾರಿಗೆ ಗೊತ್ತು? ಸಹಾಯಕಿಗೆ ಗೊತ್ತು. ಅತ್ತೆ ಮೆಟ್ಟಿಲ ಮೇಲೆ ಆಂಟಿಗೆ ಹೇಳಿದ್ದರು. ಆಗ ಪಾಲಿಶಣ್ಣ ಅಲ್ಲೇ ಕೂತು ಮೇಜಿನ ಕಾಲು ಉಜ್ಜುತ್ತಿದ್ದರು. ನಾನು ಬೆರಳು ಮಡಚುತ್ತಿರುವುದನ್ನು ಅತ್ತೆ ನೋಡಿಬಿಟ್ಟರು.

"ಹುಡುಕ್ತಾ ಇದೀಯಾ?"

"ಇಲ್ಲತ್ತೆ."

"ಬೇಡಮ್ಮ. ಯಾರೋ ಹೊಟ್ಟೆ ಕಟ್ಟಿ ಕೊಡ್ತಿರ್ತಾರೆ. ಅವರಿಗೆ ಸಿಗೋದು ಅದೊಂದೇ, ಯಾರಿಗೂ ಗೊತ್ತಿಲ್ಲ ಅನ್ನೋದು. ಅದನ್ನೂ ನಾವು ಕಿತ್ಕೊಳ್ಳೋದಾ?"

ಅವರ ಕಣ್ಣಲ್ಲಿ ನೀರಿತ್ತು. ಈ ಹೆಂಗಸು ಯಾರ ಬಾಗಿಲಿಗೆ, ಯಾವ ಕಾಲದಲ್ಲಿ ಚೀಲ ಕಟ್ಟಿದ್ದರೋ. ಕೇಳುವ ಹಾಗಿಲ್ಲವಲ್ಲ.

ಪುಟ್ಟಿ ಹಾಲು ಕುಡಿಯುತ್ತಾ ನಡುನಡುವೆ ಬಿಡುತ್ತಾಳೆ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ. ಎಣಿಸಲಿಲ್ಲ. ಸಂಜೆ ಎಣಿಸುತ್ತೇನೆ.

ಮಾರ್ಚ್ ೨೨, ಶನಿವಾರ

ಆಸ್ಪತ್ರೆಯ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಗುರುವಾರ ಮಧ್ಯಾಹ್ನ ಕೆಳಗೆ ಸ್ಪ್ರೇ ಶುರುವಾಯಿತು. ಒಂದು ಗಂಟೆಯ ಮೇಲೆ ಪುಟ್ಟಿಯ ತುಟಿ ನೇರಳೆಯಾಯಿತು. ಅರವತ್ತೆಂಟು. ಇವರು ಕೂಗಿದರು, ಪಾಲಿಶಣ್ಣ ಕೈ ಕೂಡ ತೊಳೆಯದೆ ಆಟೋ ತೆಗೆದರು. ದಾರಿಯುದ್ದಕ್ಕೂ ಅವರ ಅಂಗಿಯಿಂದ ಅದೇ ವಾಸನೆ ನಮ್ಮ ಮುಖಕ್ಕೆ ಹೊಡೆಯುತ್ತಿತ್ತು. ಅವರು ಗಟ್ಟಿಯಾಗಿ ಪ್ರಾರ್ಥನೆ ಹೇಳುತ್ತಾ ಓಡಿಸಿದರು. ನಾನು ಮಗುವಿನ ಮೂಗಿಗೆ ನನ್ನ ಸೆರಗು ಅಡ್ಡ ಹಿಡಿದು, ಅವರ ಬೆನ್ನು ನೋಡುತ್ತಾ ಕೂತಿದ್ದೆ.

ಎರಡು ದಿನ ಆಮ್ಲಜನಕ. ಈಗ ನಲವತ್ತನಾಲ್ಕು.

ಡಾಕ್ಟರಮ್ಮ ಮತ್ತೆ ಅದೇ ಪ್ರಶ್ನೆ ಕೇಳಿದರು. ಸಹಾಯಕಿ ಅಲ್ಲೇ ಇದ್ದಳು.

"ಕಿಟಕಿ ಕೆಳಗೆ ಪಾಲಿಶ್ ಕೆಲಸ ನಡೆಯುತ್ತೆ," ಅಂದೆ.

"ಹದಿನೈದು ದಿನದ ಹಿಂದೆ ನಾನು ಕೇಳಿದ್ದೆನಲ್ಲಮ್ಮ."

"ಹೌದು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೪, ಸೋಮವಾರ

ಮನೆಗೆ ಬಂದೆವು. ಕೆಳಗೆ ಹೋಗಿ ಹೇಳುತ್ತೇನೆ ಎಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಅವನೇ ಆಗಿದ್ರೆ? ಮಗು ಔಷಧಕ್ಕೆ ಏನು ಮಾಡ್ತೀಯಾ?"

"ಅದನ್ನೇ ಕೇಳ್ಕೊಂಡು ಒಂದು ತಿಂಗಳು ಕೂತೆ ಅತ್ತೆ. ಏನಾಯ್ತು ನೋಡಿದ್ರಲ್ಲ."

ಆಗ ಇವರು ಗೋಡೆಯ ಕಡೆ ಮುಖ ಮಾಡಿ ಹೇಳಿದರು: "ಕೆಲಸ ಶುರು ಮಾಡಿದ ವಾರವೇ ಅಣ್ಣ ನನ್ನ ಕೇಳಿದ್ರು, ಮೇಲೆ ವಾಸನೆ ಬರುತ್ತಾ ಅಂತ. ಏನೂ ಇಲ್ಲ ಅಂದ್ಬಿಟ್ಟೆ."

"ಯಾಕೆ?"

"ನೀನು ಯಾಕೋ ನಾನೂ ಅದಕ್ಕೇ."

ಒಂದೇ ಕೋಣೆಯಲ್ಲಿ ಮಲಗುವ ಇಬ್ಬರು ಒಂದೇ ಸುಳ್ಳನ್ನು ಬೇರೆ ಬೇರೆ ಹೇಳಿಕೊಂಡು ಬಂದಿದ್ದೇವೆ.

ಕೆಳಗಿಳಿದೆ. ಮೆಟ್ಟಿಲು ಹದಿಮೂರು ಎಂದು ಇವತ್ತು ಗೊತ್ತಾಯಿತು. ಪಾಲಿಶಣ್ಣ ಬಟ್ಟೆ ಉಂಡೆ ಮಾಡಿ ಮೇಜು ತಿಕ್ಕುತ್ತಿದ್ದರು.

"ಅಣ್ಣ, ಈ ವಾಸನೆಗೇ ಮಗುಗೆ ಉಸಿರು ಕಟ್ತಾ ಇರೋದು. ಡಾಕ್ಟರ್ ಹೇಳಿದ್ರು. ಇಲ್ಲಿ ಮಾಡ್ಬೇಡಿ." ಮುಂದಿನದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. "ಚೀಲ ನಿಮ್ಮದೇ ಆಗಿದ್ರೆ ಅದನ್ನೂ ನಿಲ್ಲಿಸಿ. ಪರವಾಗಿಲ್ಲ."

"ಯಾವ ಚೀಲ?" ಎಂದರು.

ಕೊಡದವನೂ ಹಾಗೇ ಕೇಳುತ್ತಾನೆ. ಕೊಟ್ಟವನೂ ಹಾಗೇ ಕೇಳಬೇಕು. ಮುಖದಲ್ಲಿ ಏನೂ ಇರಲಿಲ್ಲ.

ಬಟ್ಟೆಯನ್ನು ಕೆಳಗಿಟ್ಟು ಒಂದೊಂದೇ ಡಬ್ಬದ ಮುಚ್ಚಳ ಮುಚ್ಚಿದರು. ಕೊನೆಯದರ ಮುಚ್ಚಳ ಸಿಗಲಿಲ್ಲ, ಅದರ ಮೇಲೆ ಹಲಗೆ ಇಟ್ಟರು. ಆಮೇಲೆ ಹೇಳಿದರು: "ಕುರ್ಚಿ ಎಳೆದದ್ದಕ್ಕೇ ಬೀದಿಗೆಲ್ಲ ಕೇಳೋ ಹಾಗೆ ಅಂದವರು ನೀವು. ತೊಂದರೆ ಇದ್ದಿದ್ರೆ ನನ್ನ ಬಿಡ್ತಿದ್ರಾ ಅಂದ್ಕೊಂಡೆ. ನಿಮ್ಮ ಬಾಯಿ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದೆ ಕಣಮ್ಮ."

ಮೇಲೆ ಬಂದು ಕೈಕಾಲು ತೊಳೆದುಕೊಂಡೆ.

ಮಾರ್ಚ್ ೨೮, ಶುಕ್ರವಾರ

ಬುಧವಾರ ಚೀಲ ಬರಲಿಲ್ಲ. ಗುರುವಾರವೂ ಇಲ್ಲ. ಅತ್ತೆ ಎರಡು ಸಲ ಬಾಗಿಲು ತೆಗೆದು, ನೆಲ ಗುಡಿಸುವವರ ಹಾಗೆ ನಟಿಸಿ ಒಳಗೆ ಬಂದರು. ಇವರಿಗೆ ಒಂದು ಗೋದಾಮಿನಲ್ಲಿ ಮೂಟೆ ಎತ್ತುವ ಕೆಲಸ ಸಿಕ್ಕಿದೆ, ಎರಡು ದಿನಕ್ಕೊಮ್ಮೆ.

ಪಾಲಿಶಣ್ಣ ಮರದ ಡಿಪೋದ ಹಿಂದೆ ಜಾಗ ಹಿಡಿದಿದ್ದಾರಂತೆ. ಬೆಳಗಿನಿಂದ ಮೇಜುಗಳನ್ನು ಆಟೋಗೆ ಹೇರಿ ಸಾಗಿಸುತ್ತಿದ್ದಾರೆ. ಒಂದು ಸಲಕ್ಕೆ ಆರೇ ಹಿಡಿಯುವುದು. ಆಂಟಿ ಮೇಲಿನಿಂದ ನೋಡಿ, "ಪಾಪ, ಅರ್ಧ ದಿನ ಓಡಾಟಕ್ಕೇ ಹೋಯ್ತು ಅವನದು," ಎಂದರು. ನನಗೇ ಹೇಳಿದ್ದೋ, ಗಾಳಿಗೋ.

ಕಿಟಕಿಯ ಬಟ್ಟೆ ತೆಗೆದೆ. ನಲವತ್ತು.

ಮಾರ್ಚ್ ೩೧, ಸೋಮವಾರ

ಮೂವತ್ತೆಂಟು. ಮೂರು ದಿನದಿಂದ ಯಂತ್ರ ಹಾಕಿಲ್ಲ. ಇನ್ನು ಕೆಮ್ಮಿದರೆ ಮಾತ್ರ ಹಾಕಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು, ಅವಳು ಕೆಮ್ಮುತ್ತಲೇ ಇಲ್ಲ. ಹೊರಗೆ ಯಾರಿಗೂ ಹೇಳಬೇಡಿ ಎಂದು ಅತ್ತೆಗೂ ಇವರಿಗೂ ಹೇಳಿದ್ದೇನೆ. ಬಾಯಿ ಬಿಟ್ಟರೆ ಎಲ್ಲಿ ತಿರುಗಿಬೀಳುತ್ತದೋ ಎಂಬ ಹೆದರಿಕೆ.

ಆದರೆ ಬೆಳಿಗ್ಗೆ ಪಾಲಿಶಣ್ಣ ಕೊನೆಯ ಮೇಜುಗಳನ್ನು ಹೇರುತ್ತಾ ತಲೆ ಎತ್ತದೆ, "ಮಗು?" ಎಂದು ಕೇಳಿದರು. ಅವರಿಗೆ ಹೇಳದೆ ಇರಲಾಗಲಿಲ್ಲ.

"ಮೂರು ದಿನದಿಂದ ಔಷಧವೇ ಬೇಕಾಗಿಲ್ಲ ಅಣ್ಣ."

"ಹಾಂ," ಎಂದು ಹಗ್ಗ ಬಿಗಿದರು.

ಏಪ್ರಿಲ್ ೨, ಬುಧವಾರ

ಚೀಲ ಬಂದಿದೆ.

ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಸಾಬೂನು. ತಳದವರೆಗೂ ಕೈ ಹಾಕಿದೆ. ಚೀಲವನ್ನು ಮಗುಚಿ ಕೊಡವಿದೆ. ಔಷಧದ ಪೆಟ್ಟಿಗೆ ಇರಲಿಲ್ಲ.

ಬೇಡವೆಂದು ಹೊರಗೆ ನಾನು ಹೇಳಿದ್ದು ಒಬ್ಬರಿಗೇ.

ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ಅಕ್ಷರ ಕಾಣುತ್ತಿತ್ತು, ಮತ್ತೆ ಹೊಡೆದೆ, ಕಾಗದ ಹರಿಯಿತು. ಮುಂದಿನ ಪುಟದ ಉಸಿರಿನ ಲೆಕ್ಕವೂ ಸ್ವಲ್ಪ ಹೋಯಿತು.

"ಎಲ್ಲಾ ಇದೆಯೇನಮ್ಮ?" ಎಂದು ಅತ್ತೆ ಅಡುಗೆಮನೆಯಿಂದ ಕೇಳಿದರು.

"ಇದೆ ಅತ್ತೆ."

ನನಗೆ ಗೊತ್ತಾದರೆ ಅವರ ಪುಣ್ಯವೆಲ್ಲ ಹೋಗುತ್ತದೆ ತಾನೇ. ಶೆಡ್ಡು ಬಿಡಿಸಿದೆ, ದಿನಕ್ಕೆ ಅರ್ಧ ದುಡಿಮೆ ಬಿಡಿಸಿದೆ. ಇನ್ನು ಇದನ್ನೂ ಬಿಡಿಸುವುದೇ? ನನಗೆ ಗೊತ್ತಿಲ್ಲ. ಸಾಯುವವರೆಗೂ ಗೊತ್ತಿರುವುದಿಲ್ಲ. ನಾನು ಕೂಗಿ ಹೇಳಬೇಕೆನಿಸಿದ ಒಂದೇ ಒಂದು ಮಾತನ್ನು ಈ ಜನ್ಮದಲ್ಲಿ ಹೇಳುವ ಹಾಗಿಲ್ಲ.

ಮೂವತ್ತೇಳು.

ಏಪ್ರಿಲ್ ೪, ಶುಕ್ರವಾರ

ನಿನ್ನೆ ಇಡೀ ದಿನ ಹೊರಗೆ ಹೋಗಲಿಲ್ಲ. ನಕ್ಕರೆ ತಿಳಿದುಬಿಡುತ್ತದೆ. ಮುಖ ತಪ್ಪಿಸಿದರೂ ತಿಳಿದುಬಿಡುತ್ತದೆ. ಒಂದು ತಿಂಗಳು ನಕ್ಕೂ ನಕ್ಕೂ ಅಭ್ಯಾಸವಾದ ಈ ಮುಖವನ್ನು ಎಲ್ಲಿ ಬಿಸಾಡಲಿ.

ಇವತ್ತು ಪುಟ್ಟಿಗೆ ಚುಚ್ಚುಮದ್ದು. ಅವಳನ್ನು ಎತ್ತಿಕೊಂಡು ಇಳಿದರೆ ಲಗೇಜ್ ಆಟೋ ಮೆಟ್ಟಿಲ ಪಕ್ಕಕ್ಕೆ ನಿಂತಿದೆ. ಪಾಲಿಶಣ್ಣ ಹಿಂದೆ ಬಗ್ಗಿ ಏನೋ ಕಟ್ಟುತ್ತಿದ್ದರು. ಹೆಜ್ಜೆ ಸದ್ದಿಗೆ ತಿರುಗಿ, ನನ್ನನ್ನು ನೋಡಿ ಎದ್ದುನಿಂತರು. ಏನಾದರೂ ಹೇಳುತ್ತಾಳೇನೋ ಎಂದು ಕಾಯುವ ಹಾಗೆ. ಹೆದರಿದ ಹಾಗೂ ಇತ್ತು.

ಕೊನೆಯ ಮೆಟ್ಟಿಲ ಮೇಲೆ ನಿಂತೆ.

"ಅಣ್ಣಾ, ಈ ಮೆಟ್ಟಿಲು ಕಟ್ಟಿಸಿರೋದು ಮನುಷ್ಯರು ಇಳಿಯೋಕಾ, ನಿಮ್ಮ ಆಟೋ ಹತ್ತೋಕಾ? ಮಗು ಎತ್ಕೊಂಡವಳು ಹಾರ್ಕೊಂಡು ಹೋಗ್ಲಾ ಹೇಗೆ?"

ಬೀದಿಗೆ ಕೇಳಿಸಿತು. ಮೇಲೆ ಆಂಟಿಯ ಕಿಟಕಿ ತೆರೆಯಿತು. ಪಾಲಿಶಣ್ಣ ನನ್ನ ಮುಖವನ್ನೇ ನೋಡಿದರು. ಹುಬ್ಬು ಗಂಟಿಕ್ಕಿ ಹಿಡಿದುಕೊಂಡೇ ಇದ್ದೆ. ನಿಧಾನವಾಗಿ ಅವರ ಹೆಗಲು ಇಳಿಯಿತು.

"ಬಂತಪ್ಪಾ ಬಾಯಿ," ಎಂದು ನಕ್ಕು ಆಟೋವನ್ನು ಹಿಂದಕ್ಕೆ ತಳ್ಳಿದರು.

ದಾರಿ ಬೇಕಾದಷ್ಟಾಗಿತ್ತು.

"ಇನ್ನೂ ಹಿಂದಕ್ಕೆ," ಅಂದೆ.